ಬಂದರಿನ ಹೊಗೆಗೂ ಬಳ್ಳಾರಿಯ ಧೂಳಿಗೂ ಏನು ಸಂಬಂಧ?

ಬಳ್ಳಾರಿಯಿಂದ ಪೂರ್ವಕ್ಕೆ ಹೊರಟರೂ ಪಶ್ಚಿಮಕ್ಕೆ ಹೊರಟರೂ ರಸ್ತೆಯಲ್ಲಿ 300 ಕಿಲೋಮೀಟರಿಗೂ ಜಾಸ್ತಿ ಹೋದ ಮೇಲೆಯೇ ಸಮುದ್ರ ಕಾಣುವುದು. ಕೊಪ್ಪಳ ಸ್ವಲ್ಪ ಹತ್ತಿರ, ರಾಯಚೂರು ಇನ್ನೂ ದೂರ. ಹೀಗಿರುವಾಗ 'ಹಸಿರು ಬಂದರು' ಅನ್ನುವ ಸುದ್ದಿ ಪೇಪರಿನಲ್ಲಿ ಬಂದರೆ ಪುಟ ತಿರುಗಿಸಿಬಿಡುವುದು ಸಹಜ. ಅದು ಮಂಗಳೂರು, ಕಾರವಾರದವರ ವಿಷಯ ಅಲ್ವಾ?

ಪೂರ್ತಿ ಹಾಗಲ್ಲ. ಅಂಕೋಲಾ ಹತ್ತಿರದ ಕೇಣಿಯಲ್ಲಿ ಹೊಸ ಬಂದರು ಕಟ್ಟುವ ಗುತ್ತಿಗೆಯನ್ನು ಕರ್ನಾಟಕ ಸಾಗರ ಮಂಡಳಿ 2023ರ ನವೆಂಬರಿನಲ್ಲಿ ಕೊಟ್ಟಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. ಆ ಬಂದರಿಗೆ ಸರಕು ಬರುವುದು ಮತ್ತು ಅಲ್ಲಿಂದ ಸರಕು ಹೋಗುವುದು ಹೆಚ್ಚಾಗಿ ನಮ್ಮ ಕಡೆಗೇ: ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಕಾರ್ಖಾನೆಗಳಿಗೆ. ಕೇಣಿಯ ಮೀನುಗಾರರು ಯೋಜನೆಯನ್ನು ವಿರೋಧಿಸುತ್ತಿದ್ದಾರೆ. ಇನ್ನೊಂದು ಕಡೆ, ಉಕ್ಕು ತಯಾರಿಸುವಾಗ ಎಷ್ಟು ಕಾರ್ಬನ್ ಹೊರಬಿತ್ತು ಅಂತ ನೋಡಿ ಶುಲ್ಕ ಹಾಕುವ ಯುರೋಪಿನ ನಿಯಮ 2026ರ ಜನವರಿಯಿಂದ ಪೂರ್ಣವಾಗಿ ಜಾರಿಗೆ ಬಂದಿದೆ. ಹಡಗಿನ ಹೊಗೆಗೂ ಬೆಲೆ ಕಟ್ಟಬೇಕೋ ಬೇಡವೋ ಅಂತ ವಿಶ್ವಸಂಸ್ಥೆಯ ಹಡಗು ಸಂಸ್ಥೆಯಲ್ಲಿ ಜಗ್ಗಾಟ ನಡೆದಿದೆ. ಇಷ್ಟೆಲ್ಲ ಆಗುತ್ತಿರುವಾಗ ಬಂದರು ಎಲ್ಲಿ ಹೊಗೆ ಬಿಡುತ್ತದೆ, ಅದನ್ನು ಹೇಗೆ ಕಡಿಮೆ ಮಾಡಬಹುದು, ಬದಲಾಗುತ್ತಿರುವ ಹವಾಮಾನಕ್ಕೆ ಅದು ಹೇಗೆ ತಯಾರಾಗಬೇಕು ಅನ್ನುವುದನ್ನು ಬುಡದಿಂದ ತಿಳಿದುಕೊಳ್ಳುವುದು ಒಳ್ಳೆಯದು.

ನಮ್ಮೂರಿನಿಂದ ಬಂದರಿಗೆ ಏನೇನು ಹೋಗುತ್ತದೆ?

ಸಂಡೂರಿನ ಗುಡ್ಡಗಳ ಅದಿರು ಒಂದು ಕಾಲದಲ್ಲಿ ಲಾರಿ, ರೈಲುಗಳಲ್ಲಿ ಚೆನ್ನೈ, ಕೃಷ್ಣಪಟ್ಟಣಂ, ಗೋವಾ, ಬೇಲೆಕೇರಿ ಬಂದರುಗಳಿಗೆ ಹರಿದುಹೋಗುತ್ತಿತ್ತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕಿತು. ಮುಂದೆ ಗಣಿಗಳು ಹಂತ ಹಂತವಾಗಿ ತೆರೆದವು. ರಫ್ತಿಗೆ ಮತ್ತೆ ಅನುಮತಿ ಸಿಕ್ಕಿದ್ದು 2022ರ ಮೇ ತಿಂಗಳಲ್ಲಿ.

ಈಗ ದೊಡ್ಡ ಹರಿವು ಉಲ್ಟಾ ದಿಕ್ಕಿನದು. ತೋರಣಗಲ್ಲಿನಂಥ ಕಡೆ ಉಕ್ಕು ಮಾಡಬೇಕಾದರೆ ಅದಿರಿನ ಜೊತೆ ಕೋಕಿಂಗ್ ಕಲ್ಲಿದ್ದಲು ಬೇಕು. ಆ ಜಾತಿಯ ಕಲ್ಲಿದ್ದಲು ನಮ್ಮ ದೇಶದಲ್ಲಿ ಸಾಕಷ್ಟು ಸಿಗುವುದಿಲ್ಲ. ಬಹುಪಾಲು ಹೊರಗಿನಿಂದ, ಅದರಲ್ಲೂ ಆಸ್ಟ್ರೇಲಿಯಾದಿಂದ ಬರುತ್ತದೆ. ಗೋವಾದ ಮುರ್ಮುಗೋವಾ, ಆಂಧ್ರದ ಕೃಷ್ಣಪಟ್ಟಣಂ ಬಂದರುಗಳಲ್ಲಿ ಇಳಿದು ರೈಲು ಹತ್ತಿ ಇಲ್ಲಿಗೆ ಸೇರುತ್ತದೆ. ಹೊಲಕ್ಕೆ ಹಾಕುವ ಪೊಟ್ಯಾಷ್ ಪೂರ್ತಿ ಆಮದು. ಡಿಎಪಿಯ ದೊಡ್ಡ ಪಾಲೂ ಅಷ್ಟೇ. ಅಂಗಡಿಯ ಪಾಮ್ ಎಣ್ಣೆ, ಸಿಲಿಂಡರಿನ ಗ್ಯಾಸ್ ಕೂಡ ಬಹುಮಟ್ಟಿಗೆ ಹಡಗಿನಲ್ಲೇ ಬಂದದ್ದು. ಗಂಗಾವತಿ, ಕಾರಟಗಿ, ಸಿಂಧನೂರಿನ ಸೋನಾ ಮಸೂರಿ ಅಕ್ಕಿ ಹೊರದೇಶಕ್ಕೆ ಹೋಗಬೇಕಾದರೂ ಹಡಗೇ ಗತಿ. ಸಮುದ್ರ ನಮಗೆ ಕಾಣುವುದಿಲ್ಲ, ಅಷ್ಟೇ.

ಬಂದರಿನ ಹೊಗೆ ಯಾರ ಲೆಕ್ಕಕ್ಕೆ?

ಬಂದರಿನ ಹೊಗೆಯನ್ನು ಲೆಕ್ಕ ಹಾಕುವವರು ಅದನ್ನು ಮೂರು ಪಾಲು ಮಾಡುತ್ತಾರೆ. ಬಂದರಿನ ಸ್ವಂತ ಯಂತ್ರಗಳು ಸುಡುವ ಡೀಸೆಲ್ಲಿನದು ಮೊದಲನೆಯದು: ಕ್ರೇನು, ಲೋಡರು, ಒಳಗೆ ಓಡಾಡುವ ಲಾರಿ, ಹಡಗನ್ನು ತಳ್ಳಿ ಎಳೆದು ಜಾಗಕ್ಕೆ ತರುವ ಟಗ್ ದೋಣಿ. ಬಂದರು ಕೊಳ್ಳುವ ಕರೆಂಟನ್ನು ತಯಾರಿಸುವಾಗ ಎಲ್ಲೋ ದೂರದ ಸ್ಥಾವರದಲ್ಲಿ ಎದ್ದ ಹೊಗೆ ಎರಡನೆಯದು. ಬಂದರಿಗೆ ಬಂದು ಹೋಗುವ ಬೇರೆಯವರದು ಮೂರನೆಯದು, ಅಂದರೆ ಹಡಗು, ಸರಕಿನ ಲಾರಿ, ರೈಲು ಎಂಜಿನ್.

ಸಾಮಾನ್ಯವಾಗಿ ಈ ಮೂರನೇ ಪಾಲೇ ಎಲ್ಲಕ್ಕಿಂತ ದೊಡ್ಡದು. ಕಚೇರಿ ಛಾವಣಿ ಮೇಲೆ ಸೋಲಾರ್ ಹಾಕಿಸಿ, ಕಾಂಪೌಂಡಿನ ಸುತ್ತ ಗಿಡ ನೆಟ್ಟು 'ನಾವು ಹಸಿರಾದೆವು' ಅಂತ ಬಂದರು ಹೇಳಿದಾಗ ಯಾವ ಪಾಲಿನ ಮಾತು ಅಂತ ಕೇಳಬೇಕಾಗುತ್ತದೆ. ಹೆಚ್ಚಿನ ಸಲ ಅದು ಮೊದಲ ಎರಡು ಪಾಲಿನದು. ಅದೇನೂ ಸುಳ್ಳಲ್ಲ, ಆದರೆ ಸಣ್ಣ ತುಂಡು.

ಲೆಕ್ಕಕ್ಕೇ ಬಾರದ ನಾಲ್ಕನೆಯದೂ ಒಂದಿದೆ: ಸರಕು ಕೊನೆಗೆ ಏನಾಗುತ್ತದೆ ಅನ್ನುವುದು. ಒಂದು ಟನ್ ಒಳ್ಳೆಯ ಕಲ್ಲಿದ್ದಲು ಸುಟ್ಟರೆ ಹೆಚ್ಚೂಕಡಿಮೆ ಎರಡೂವರೆಯಿಂದ ಮೂರು ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದೇ ಒಂದು ಟನ್ ಕಲ್ಲಿದ್ದಲನ್ನು ಆಸ್ಟ್ರೇಲಿಯಾದಿಂದ ದೊಡ್ಡ ಹಡಗಿನಲ್ಲಿ ತರಲು ತಗಲುವುದು ಬರೀ ಹತ್ತಾರು ಕಿಲೋ. ಬಂದರು ಎಷ್ಟೇ ಶುದ್ಧವಾದರೂ ಆ ಕಲ್ಲಿದ್ದಲು ಉರಿಯುವುದು ನಮ್ಮ ಜಿಲ್ಲೆಯ ಕುಲುಮೆಯಲ್ಲಿ. ಆ ಹೊಗೆ ಕಾರ್ಖಾನೆಯ ಪುಸ್ತಕಕ್ಕೆ ಹೋಗುತ್ತದೆ, ಬಂದರಿನ ಪುಸ್ತಕಕ್ಕಲ್ಲ.

ನಿಂತ ಹಡಗು ಯಾಕೆ ಎಂಜಿನ್ ಆರಿಸುವುದಿಲ್ಲ?

ಹೆದ್ದಾರಿ ಡಾಬಾ ಮುಂದೆ ಲಾರಿ ನಿಲ್ಲಿಸಿ, ಬೇಸಿಗೆಯ ಸೆಕೆಗೆ ಎಸಿ ಬೇಕು ಅಂತ ರಾತ್ರಿಯಿಡೀ ಎಂಜಿನ್ ಚಾಲೂ ಇಟ್ಟು ಮಲಗಿದರೆ ಏನಾಗುತ್ತದೆ? ಗಾಡಿ ಒಂದು ಅಡಿಯೂ ಮುಂದೆ ಹೋಗುವುದಿಲ್ಲ, ಡೀಸೆಲ್ ಮಾತ್ರ ಖಾಲಿ. ಬಂದರಿನಲ್ಲಿ ನಿಂತ ಹಡಗು ಮಾಡುವುದೂ ಇದನ್ನೇ. ಲೈಟು, ಅಡುಗೆಮನೆ, ಪಂಪು, ಫ್ರಿಜ್, ಕೆಲವು ಹಡಗುಗಳಲ್ಲಿ ಸ್ವಂತ ಕ್ರೇನು, ಇಷ್ಟಕ್ಕೂ ಕರೆಂಟ್ ಬೇಕು. ಅದಕ್ಕೆ ಹಡಗಿನೊಳಗೆ ಬೇರೆ ಸಣ್ಣ ಎಂಜಿನ್‌ಗಳಿರುತ್ತವೆ. ಸರಕು ಇಳಿಸಿ ಮುಗಿಯುವವರೆಗೆ, ಅಂದರೆ ದಿನಗಟ್ಟಲೆ, ಅವು ಓಡುತ್ತಲೇ ಇರುತ್ತವೆ. ಕಲ್ಲಿದ್ದಲು ಹಡಗಿಗೆ ಕೆಲವು ನೂರು ಕಿಲೋವ್ಯಾಟ್ ಸಾಕು. ದೊಡ್ಡ ಕಂಟೇನರ್ ಹಡಗಿಗೆ ಮೆಗಾವ್ಯಾಟ್ ಲೆಕ್ಕದಲ್ಲಿ ಬೇಕು. ಪ್ರವಾಸಿಗರ ಐಷಾರಾಮಿ ಹಡಗಿಗಂತೂ ಒಂದು ಸಣ್ಣ ಪಟ್ಟಣದಷ್ಟು.

ಉರಿಸುವ ಎಣ್ಣೆಯೂ ಸಾಮಾನ್ಯದ್ದಲ್ಲ. ನಮ್ಮ ಬಂಕ್‌ಗಳಲ್ಲಿ 2020ರ ಏಪ್ರಿಲ್‌ನಿಂದ ಸಿಗುವ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ. ಹಡಗಿನ ಎಣ್ಣೆಗೆ ಅದೇ ವರ್ಷ ಜನವರಿಯಲ್ಲಿ ಜಗತ್ತಿನಾದ್ಯಂತ ಹೊಸ ಮಿತಿ ಬಂತು. ಮೊದಲು ಶೇ. 3.5 ಇದ್ದದ್ದು ಶೇ. 0.5ಕ್ಕೆ ಇಳಿಯಿತು. ದೊಡ್ಡ ಇಳಿಕೆಯೇ ಸರಿ. ಆದರೂ ಶೇ. 0.5 ಅಂದರೆ ಹತ್ತು ಲಕ್ಷಕ್ಕೆ 5,000 ಭಾಗ, ಬಂಕಿನ ಡೀಸೆಲ್ಲಿಗಿಂತ 500 ಪಟ್ಟು. ಬಂದರಿನ ಪಕ್ಕದ ಊರುಗಳ ಗಾಳಿಯ ಮೇಲೆ ಇದರ ಪರಿಣಾಮ ಏನು ಅಂತ ಊಹಿಸಬಹುದು.

ಇದಕ್ಕಿರುವ ಉಪಾಯಕ್ಕೆ 'ದಡದ ವಿದ್ಯುತ್' ಅನ್ನೋಣ. ಹಡಗು ಬಂದು ನಿಂತ ಮೇಲೆ ದಡದಿಂದ ದಪ್ಪ ಕೇಬಲ್ ಎಳೆದು ಕರೆಂಟ್ ಕೊಡುವುದು, ಹಡಗಿನ ಎಂಜಿನ್ ಆರಿಸುವುದು. ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರು 2000ನೇ ಇಸವಿಯಿಂದಲೇ ಸರಕು ಹಡಗುಗಳಿಗೆ ಹೀಗೆ ಕರೆಂಟ್ ಕೊಡುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ 2014ರಿಂದ ಕೆಲವು ಬಗೆಯ ಹಡಗುಗಳಿಗೆ ಇದು ಕಡ್ಡಾಯ. ಯುರೋಪಿನ ಮುಖ್ಯ ಬಂದರುಗಳಲ್ಲಿ ಕಂಟೇನರ್ ಮತ್ತು ಪ್ರಯಾಣಿಕರ ಹಡಗುಗಳಿಗೆ 2030ರಿಂದ ಕಡ್ಡಾಯವಾಗಲಿದೆ. ನಮ್ಮಲ್ಲಿ ಟಗ್‌ನಂಥ ಸಣ್ಣ ನೌಕೆಗಳಿಗೆ ಮೊದಲು ಈ ವ್ಯವಸ್ಥೆ ಬಂತು, ದೊಡ್ಡ ಹಡಗುಗಳಿಗೆ ನಿಧಾನವಾಗಿ ಬರುತ್ತಿದೆ.

ಸುಮ್ನೆ ಒಂದು ಪ್ಲಗ್ ಚುಚ್ಚಿದರೆ ಮುಗಿಯಿತು ಅಂದುಕೊಳ್ಳಬೇಡಿ. ನಮ್ಮ ಮನೆಯ ಕರೆಂಟ್ 50 ಹರ್ಟ್ಸ್‌ನದು. ಬಹಳಷ್ಟು ಹಡಗುಗಳ ಒಳಗಿನ ವ್ಯವಸ್ಥೆ 60 ಹರ್ಟ್ಸ್. ನಡುವೆ ಅದನ್ನು ಬದಲಿಸುವ ದೊಡ್ಡ ಯಂತ್ರ ಕೂರಿಸಬೇಕು, ಅದು ದುಬಾರಿ. ಹಡಗಿನಲ್ಲೂ ಅದಕ್ಕೆ ಹೊಂದುವ ಜೋಡಣೆ ಇರಬೇಕು. ಹಡಗಿನವರು 'ಬಂದರಿನಲ್ಲಿ ಸೌಲಭ್ಯ ಇಲ್ಲ, ನಾವ್ಯಾಕೆ ಹಾಕಿಸಲಿ' ಅನ್ನುತ್ತಾರೆ. ಬಂದರಿನವರು 'ಹಡಗಿನಲ್ಲೇ ಇಲ್ಲ, ನಾವ್ಯಾಕೆ ಖರ್ಚು ಮಾಡಲಿ' ಅನ್ನುತ್ತಾರೆ. ಹಲವು ವರ್ಷ ಇದು ಹೀಗೇ ನಿಂತಿತ್ತು. ಕಾನೂನು ಬಂದ ಕಡೆಗಳಲ್ಲಿ ಕೆಲಸ ಮುಂದೆ ಸಾಗಿತು.

ಅಲ್ಲಿ ಆರಿದ ಹೊಗೆ ಶಕ್ತಿನಗರದಲ್ಲಿ ಎದ್ದರೆ?

ಬಂದರಿನ ಚರ್ಚೆ ನೇರವಾಗಿ ನಮ್ಮ ಅಂಗಳಕ್ಕೆ ಬಂದು ನಿಲ್ಲುವುದು ಇಲ್ಲಿ.

ರಾಯಚೂರಿನ ಶಕ್ತಿನಗರದ ಆರ್‌ಟಿಪಿಎಸ್ 1,720 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ. ಕುಡುತಿನಿಯ ಬಳ್ಳಾರಿ ಸ್ಥಾವರ 1,700 ಮೆಗಾವ್ಯಾಟ್. ಯರಮರಸ್‌ನಲ್ಲಿ 800ರ ಎರಡು ಘಟಕಗಳಿವೆ. ರಾಜ್ಯ ಸರ್ಕಾರದ ಕಲ್ಲಿದ್ದಲು ವಿದ್ಯುತ್ ಎಲ್ಲ ಈ ಎರಡು ಜಿಲ್ಲೆಗಳದ್ದೇ. ಮಂಗಳೂರಿನಲ್ಲಿ ಹಡಗಿಗೆ ಕೊಡುವ ಕರೆಂಟ್ ಇದೇ ಜಾಲದಿಂದ ಬಂದರೆ, ಅಲ್ಲಿನ ಪಣಂಬೂರು ಬಂದರಿನಲ್ಲಿ ಆರಿದ ಹೊಗೆಯ ಒಂದು ಪಾಲು ಶಕ್ತಿನಗರದ ಚಿಮಣಿಯಲ್ಲಿ ಏಳುತ್ತದೆ.

ಎಷ್ಟು ಅಂತ ನೋಡೋಣ. ಹಡಗಿನ ಡೀಸೆಲ್ ಎಂಜಿನ್ ಒಂದು ಯೂನಿಟ್ ಕರೆಂಟ್ ತೆಗೆಯಲು ಅಂದಾಜು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಭಾರತದ ವಿದ್ಯುತ್ ಜಾಲದ ಸರಾಸರಿಯೂ ಯೂನಿಟ್‌ಗೆ ಸುಮಾರು 0.7 ಕಿಲೋ. ಹೆಚ್ಚೂಕಡಿಮೆ ಸರಿಸಮ! ಹಾಗಾದರೆ ದಡದ ವಿದ್ಯುತ್ ಯಾಕೆ ಬೇಕು? ಗಂಧಕ, ಮಸಿ, ಸಣ್ಣ ಕಣಗಳು ಬಂದರು ಊರಿನ ಜನರ ಮೂಗಿಗೆ ಬೀಳುವುದು ತಪ್ಪುತ್ತದೆ. ಆರೋಗ್ಯದ ದೃಷ್ಟಿಯಿಂದ ಅದು ದೊಡ್ಡ ಲಾಭ. ಆದರೆ ಭೂಮಿ ಬಿಸಿಯಾಗುವುದನ್ನು ತಡೆಯುವ ಲಾಭ ಬೇಕಾದರೆ ಆ ಕರೆಂಟ್ ಗಾಳಿ, ಬಿಸಿಲು ಅಥವಾ ನೀರಿನಿಂದ ಬರಬೇಕು.

ಕೇಂದ್ರ ಸರ್ಕಾರ 2023ರಲ್ಲಿ ತಂದ 'ಹರಿತ್ ಸಾಗರ್' ಮಾರ್ಗಸೂಚಿಯ ಗುರಿಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಬಂದರುಗಳು ಬಳಸುವ ಶಕ್ತಿಯಲ್ಲಿ ನವೀಕರಿಸಬಹುದಾದ ಪಾಲು 2030ಕ್ಕೆ ಶೇ. 60ಕ್ಕಿಂತ ಹೆಚ್ಚು, 2047ಕ್ಕೆ ಶೇ. 90ಕ್ಕಿಂತ ಹೆಚ್ಚಾಗಬೇಕು. ಪ್ರತಿ ಟನ್ ಸರಕಿಗೆ ಬರುವ ಕಾರ್ಬನ್ 2030ಕ್ಕೆ ಶೇ. 30, 2047ಕ್ಕೆ ಶೇ. 70 ಇಳಿಯಬೇಕು. 'ಪ್ರತಿ ಟನ್ ಸರಕಿಗೆ' ಅನ್ನುವುದನ್ನು ಗಮನಿಸಿ. ಟನ್ನಿನ ಲೆಕ್ಕದಲ್ಲಿ ಶೇ. 30 ಕಡಿಮೆಯಾಗಿ, ಸರಕು ಮಾತ್ರ ಎರಡು ಪಟ್ಟಾದರೆ ಒಟ್ಟು ಹೊಗೆ ಈಗಿನದಕ್ಕಿಂತ ಜಾಸ್ತಿಯೇ ಆಗುತ್ತದೆ. ಗುರಿ ಮುಟ್ಟಿದಂತೆಯೂ ಆಯಿತು, ಹೊಗೆ ಹೆಚ್ಚಿದಂತೆಯೂ ಆಯಿತು.

ಓಡೋಡಿ ಬಂದು ಕಾಯುವ ಹಡಗು

ಯಾವ ಹೊಸ ಯಂತ್ರವೂ ಇಲ್ಲದೆ ಹೊಗೆ ಇಳಿಸುವ ದಾರಿಯೊಂದಿದೆ. ಬಂದರಿನಲ್ಲಿ ಜಾಗ ಖಾಲಿ ಇಲ್ಲದಿದ್ದರೂ ಹಡಗು ಜೋರಾಗಿ ಓಡಿ ಬರುತ್ತದೆ, ಆಮೇಲೆ ಹೊರಗೆ ಲಂಗರು ಹಾಕಿ ದಿನಗಟ್ಟಲೆ ಕಾಯುತ್ತದೆ. ಯಾಕೆಂದರೆ ಬಹಳ ಕಡೆ ಮೊದಲು ಬಂದವರಿಗೆ ಮೊದಲು ಜಾಗ. ಬಾಡಿಗೆ ಕರಾರುಗಳೂ 'ತಡ ಮಾಡದೆ ತಲುಪು' ಅನ್ನುತ್ತವೆ. ತಡವಾದರೆ ಡೆಮರೇಜ್ (ತಡಕ್ಕೆ ಕಟ್ಟುವ ದಂಡ) ಜಗಳ, ರೈಲ್ವೆ ಸೈಡಿಂಗಿನಲ್ಲಿ ಸರಕು ಇಳಿಸುವವರಿಗೆ ಇದು ಗೊತ್ತಿರುವ ವಿಷಯ.

ಹಡಗಿನ ವೇಗಕ್ಕೂ ಎಣ್ಣೆಗೂ ಇರುವ ನಂಟು ವಿಚಿತ್ರ. ವೇಗ ಶೇ. 10 ಇಳಿಸಿದರೆ ಎಂಜಿನ್ನಿಗೆ ಬೇಕಾದ ಶಕ್ತಿ ಸುಮಾರು ಶೇ. 27 ಇಳಿಯುತ್ತದೆ. ನಿಧಾನ ಹೋದದ್ದರಿಂದ ಹೆಚ್ಚು ಹೊತ್ತು ಓಡಬೇಕಲ್ಲ, ಅದನ್ನು ಕಳೆದರೂ ಅದೇ ದೂರಕ್ಕೆ ಸುಮಾರು ಶೇ. 19ರಷ್ಟು ಎಣ್ಣೆ ಉಳಿಯುತ್ತದೆ. ಬಂದರು ಮೊದಲೇ 'ನಿನಗೆ ಜಾಗ ಗುರುವಾರ ಬೆಳಿಗ್ಗೆ' ಅಂತ ತಿಳಿಸಿದರೆ, ಹಡಗು ನಿಧಾನವಾಗಿ ಬಂದು ನೇರ ಒಳಗೆ ಹೋಗಬಹುದು. ಬೇಕಾಗಿರುವುದು ಸರಿಯಾದ ಮಾಹಿತಿ ಮತ್ತು ಬದಲಾದ ಕರಾರು. ಎರಡನೆಯದು ವಕೀಲರ ಕೆಲಸ, ಅದಕ್ಕೇ ಹೆಚ್ಚು ತಡವಾಗುತ್ತಿದೆ ಅಂತ ನನಗನಿಸುತ್ತದೆ.

ಧೂಳಿನ ಮಾತು

ಕಾರ್ಬನ್ ಕಣ್ಣಿಗೆ ಕಾಣುವುದಿಲ್ಲ, ಧೂಳು ಕಾಣುತ್ತದೆ. ಮುರ್ಮುಗೋವಾ ಪಕ್ಕದ ವಾಸ್ಕೋ ಊರಿನವರು ಕಲ್ಲಿದ್ದಲ ಧೂಳಿನ ವಿರುದ್ಧ ಬಹಳ ವರ್ಷಗಳಿಂದ ದೂರುತ್ತಿದ್ದಾರೆ. ಆ ಕಲ್ಲಿದ್ದಲಿನ ದೊಡ್ಡ ಪಾಲು ಬರುವುದು ನಮ್ಮ ಕಡೆಗೆ. 2025ರಲ್ಲಿ ಕೊಪ್ಪಳದ ಜನ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡ ಅಂತ ಬೀದಿಗಿಳಿದಾಗಲೂ ಧೂಳು ಮತ್ತು ಹೊಗೆಯೇ ದೊಡ್ಡ ಮಾತಾಗಿತ್ತು. ಒಂದೇ ದಾರಿಯ ಎರಡು ತುದಿ, ಒಂದೇ ದೂರು.

ಇದಕ್ಕೆ ಉಪಾಯ ಹಳೆಯದೇ: ಕಲ್ಲಿದ್ದಲನ್ನು ಮುಚ್ಚಿದ ಶೆಡ್ಡಿನಲ್ಲಿ ಇಡುವುದು, ನೀರು ಸಿಂಪಡಿಸುವುದು, ಬಯಲಿನಲ್ಲಿ ಲಾರಿಗೆ ಸುರಿಯುವ ಬದಲು ಮುಚ್ಚಿದ ಕನ್ವೇಯರಿನಲ್ಲಿ ನೇರ ವ್ಯಾಗನ್ನಿಗೆ ತುಂಬುವುದು. ಸಂಡೂರಿನ ಗಣಿ ಕಡೆಯಿಂದ ತೋರಣಗಲ್ಲಿಗೆ ಬರುವ ಕೊಳವೆಯಾಕಾರದ ಕನ್ವೇಯರ್ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಹಡಗಿಗೆ ಹೊಸ ಇಂಧನ

ಸಮುದ್ರದ ನಡುವೆ ಪ್ಲಗ್ ಇರುವುದಿಲ್ಲ. ಹಾಗಾಗಿ ಎಣ್ಣೆಗೆ ಬದಲಿ ಬೇಕು. ಮೆಥನಾಲ್, ಅಮೋನಿಯಾ, ಹೈಡ್ರೋಜನ್ ಇವು ಸದ್ಯದ ಹೆಸರುಗಳು. ಹಸಿರು ಮೆಥನಾಲ್‌ನಿಂದ ಓಡಬಲ್ಲ ಮೊದಲ ಕಂಟೇನರ್ ಹಡಗು 2023ರಲ್ಲಿ ನೀರಿಗಿಳಿಯಿತು. ಅಮೋನಿಯಾ ನಮ್ಮ ರೈತರಿಗೆ ಹೊಸದಲ್ಲ, ಯೂರಿಯಾ ತಯಾರಾಗುವುದೇ ಅದರಿಂದ. ಉರಿಸಿದರೆ ಅದರಲ್ಲಿ ಕಾರ್ಬನ್ ಇಲ್ಲ. ಆದರೆ ಸೋರಿದರೆ ವಿಷ, ಮತ್ತು ಅದನ್ನು ಹಸಿರು ಕರೆಂಟಿನಿಂದ ಮಾಡದಿದ್ದರೆ ಕಾರ್ಬನ್ ಉಳಿಸಿದಂತೆ ಆಗುವುದಿಲ್ಲ. ಕಾಂಡ್ಲಾ, ತೂತುಕುಡಿ, ಪಾರಾದೀಪ್ ಬಂದರುಗಳನ್ನು ಹಸಿರು ಹೈಡ್ರೋಜನ್ ಕೇಂದ್ರಗಳಾಗಿ ಬೆಳೆಸುವ ಯೋಜನೆ ಇದೆ. ಬಂದರಿನೊಳಗಿನ ಸಣ್ಣ ದೂರಕ್ಕೆ ಬ್ಯಾಟರಿ ಸಾಕಾಗುತ್ತದೆ. ಅದಕ್ಕೇ 2024ರಲ್ಲಿ ಟಗ್‌ಗಳನ್ನು ಹಸಿರು ಮಾಡುವ ಕಾರ್ಯಕ್ರಮ ಶುರುವಾಯಿತು.

ಕೊನೆಯ ಮುನ್ನೂರೈವತ್ತು ಕಿಲೋಮೀಟರ್

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ದೊಡ್ಡ ಹಡಗು ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಒಯ್ಯಲು ಅಂದಾಜು 3ರಿಂದ 5 ಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಡೀಸೆಲ್ ಲಾರಿ ಅದೇ ಕೆಲಸಕ್ಕೆ 60ರಿಂದ 100 ಗ್ರಾಂ. ರೈಲಿನದು ಹತ್ತು ಗ್ರಾಂ ಆಸುಪಾಸು.

ಆಸ್ಟ್ರೇಲಿಯಾದಿಂದ ಇಲ್ಲಿಗೆ ಸುಮಾರು 10,000 ಕಿಲೋಮೀಟರ್. ಕಿಲೋಮೀಟರಿಗೆ 4 ಗ್ರಾಂ ಹಿಡಿದರೆ ಟನ್ನಿಗೆ 40 ಕಿಲೋ. ಬಂದರಿನಿಂದ ಬಳ್ಳಾರಿಗೆ 350 ಕಿಲೋಮೀಟರನ್ನು ಲಾರಿಯಲ್ಲಿ ತಂದರೆ, 80 ಗ್ರಾಂ ಲೆಕ್ಕದಲ್ಲಿ, 28 ಕಿಲೋ. ಕಾಲು ಭೂಗೋಳ ದಾಟಿ ಬಂದದ್ದಕ್ಕೂ ಕೊನೆಯ ಒಂದು ರಾತ್ರಿಯ ಲಾರಿ ಓಟಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಅದೇ ರೈಲಿನಲ್ಲಿ ತಂದರೆ ಮೂರೂವರೆ ಕಿಲೋ. ಬಂದರಿನ ಹೊಗೆ ಕಡಿಮೆ ಮಾಡುವ ದೊಡ್ಡ ಅವಕಾಶ ಬಂದರಿನ ಗೇಟಿನ ಹೊರಗಿದೆ ಅನ್ನುವುದಕ್ಕೆ ಈ ಮೂರು ಅಂಕಿ ಸಾಕು.

ಒಂದು ಅದಿರು ರೇಕಿನಲ್ಲಿ 58 ಅಥವಾ 59 ವ್ಯಾಗನ್ ಇರುತ್ತವೆ. ಒಟ್ಟು 3,800 ಟನ್ನಿಗೆ ಕಡಿಮೆ ಇಲ್ಲ, ನೂರಕ್ಕೂ ಹೆಚ್ಚು ಲಾರಿಗಳ ಹೊರೆ ಅದು. ಆದರೆ ನಮ್ಮ ಕಡೆಯಿಂದ ಪಶ್ಚಿಮ ಕರಾವಳಿಗೆ ರೈಲು ಇಳಿಯುವ ದಾರಿ ಸಲೀಸಲ್ಲ. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ದೂಧಸಾಗರದ ಘಟ್ಟದಲ್ಲಿ ಏರು 37ಕ್ಕೆ 1. ಅಂದರೆ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ರೈಲಿಗೆ ಅದು ಬಹಳ ಕಡಿದು. ಅದೂ ತುಂಬಿದ ಕಲ್ಲಿದ್ದಲು ಗಾಡಿ ಹತ್ತಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಹಿಂದಿನಿಂದಲೂ ಎಂಜಿನ್ ಕಟ್ಟಿ ತಳ್ಳಬೇಕು. ಆ ಘಟ್ಟದಲ್ಲಿ ಎರಡನೇ ಹಳಿ ಹಾಕಲು ಕೊಟ್ಟಿದ್ದ ವನ್ಯಜೀವಿ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ರದ್ದು ಮಾಡಿತು. ಹೊಗೆ ಉಳಿಸುವ ರೈಲು ಬೇಕು, ಆದರೆ ಅದಕ್ಕೆ ಕಾಡು ಕಡಿಯಬೇಕು. ಈ ಇಕ್ಕಟ್ಟಿಗೆ ಸುಲಭದ ಉತ್ತರ ಯಾರ ಹತ್ತಿರವೂ ಇಲ್ಲ.

ಸಮುದ್ರ ಏರಿದರೆ, ಗುಡ್ಡ ಜರಿದರೆ

ಹೊಗೆ ಇಳಿಸುವುದು ಒಂದು ಕೆಲಸ. ಈಗಾಗಲೇ ಆಗಿರುವ ಬದಲಾವಣೆಯನ್ನು ತಡೆದುಕೊಳ್ಳುವುದು ಇನ್ನೊಂದು.

1901ರಿಂದ 2018ರವರೆಗೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. ಇತ್ತೀಚೆಗೆ ಏರುವ ವೇಗವೇ ಹೆಚ್ಚಾಗಿ, 2006ರಿಂದ 2018ರ ನಡುವೆ ವರ್ಷಕ್ಕೆ 3.7 ಮಿಲಿಮೀಟರ್ ಆಗಿತ್ತು. ಒಂದು ಗೇಣಿಗೂ ಕಡಿಮೆ, ಇದರಿಂದ ಏನಾದೀತು ಅನಿಸಬಹುದು. ಬಂದರು ಮುಳುಗುವುದು ಸರಾಸರಿ ಮಟ್ಟಕ್ಕಲ್ಲ. ಭರತದ ಹೊತ್ತಿಗೆ ಚಂಡಮಾರುತ ಬಂದು ನೀರನ್ನು ದಡಕ್ಕೆ ತಳ್ಳಿದಾಗ ಮುಳುಗುತ್ತದೆ. ಆ ನೀರು ಈಗ 20 ಸೆಂಟಿಮೀಟರ್ ಎತ್ತರದಿಂದ ಶುರುವಾಗುತ್ತದೆ. 1998ರ ಜೂನಿನಲ್ಲಿ ಕಾಂಡ್ಲಾ ಬಂದರಿಗೆ ಅಪ್ಪಳಿಸಿದ ಚಂಡಮಾರುತದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು.

ಅರಬ್ಬಿ ಸಮುದ್ರ ಬಂಗಾಳ ಕೊಲ್ಲಿಗಿಂತ ಶಾಂತ ಅನ್ನುವ ನಂಬಿಕೆ ಹಳೆಯದು. ನೀರು ಬಿಸಿಯಾದಂತೆ ಅಲ್ಲೂ ತೀವ್ರ ಚಂಡಮಾರುತಗಳು ಹೆಚ್ಚುತ್ತಿವೆ. 2021ರ ಮೇ ತಿಂಗಳಿನ ತೌಕ್ತೆ ಗುಜರಾತಿನಲ್ಲಿ ದಡ ಮುಟ್ಟಿತು. ಆದರೆ ದಾರಿಯಲ್ಲಿ ಮಂಗಳೂರಿನ ಹತ್ತಿರ ಒಂದು ಟಗ್ ಮಗುಚಿತು. ಇನ್ನೊಂದರಲ್ಲಿ ಸಿಕ್ಕಿಬಿದ್ದ 9 ಮಂದಿಯನ್ನು ನೌಕಾಪಡೆ ಮತ್ತು ಕರಾವಳಿ ರಕ್ಷಣಾ ಪಡೆ ಉಳಿಸಿದವು. ಮುಂಬೈ ಆಚೆ ಮುಳುಗಿದ ದೋಣಿಯಲ್ಲಿ ಹತ್ತಾರು ಜೀವ ಹೋದವು.

ಬಂದರುಗಳು ಮಾಡಬಹುದಾದದ್ದು ಬಹಳ ಇದೆ. ಹೊಸ ಬರ್ತ್ (ಹಡಗು ನಿಲ್ಲುವ ಕಟ್ಟೆ) ಕಟ್ಟುವಾಗ ಮುಂದಿನ 50 ವರ್ಷದ ನೀರಿನ ಮಟ್ಟ ನೋಡಿ ಎತ್ತರಿಸುವುದು, ಅಲೆ ತಡೆಗೋಡೆ ಗಟ್ಟಿ ಮಾಡುವುದು, ಟ್ರಾನ್ಸ್‌ಫಾರ್ಮರ್, ಜನರೇಟರುಗಳನ್ನು ಮೇಲಕ್ಕೆ ಸಾಗಿಸುವುದು, ಚರಂಡಿ ದೊಡ್ಡದು ಮಾಡುವುದು. ಇವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಎತ್ತರಿಸುವುದು ಅಗ್ಗದ್ದು, ಬರ್ತ್ ಎತ್ತರಿಸುವುದು ಭಾರೀ ಖರ್ಚಿನದು. ಎಚ್ಚರಿಕೆ ಕೊಡುವ ವ್ಯವಸ್ಥೆ ನಮ್ಮಲ್ಲಿ ಮೊದಲಿನಿಂದಲೂ ಇದೆ. ಚಂಡಮಾರುತ ಎಷ್ಟು ಹತ್ತಿರ, ಎಷ್ಟು ತೀವ್ರ ಅನ್ನುವುದಕ್ಕೆ ತಕ್ಕಂತೆ ಬಂದರುಗಳಲ್ಲಿ 1ರಿಂದ 11ರವರೆಗಿನ ಸಂಕೇತ ಏರಿಸುತ್ತಾರೆ. ಕಾಂಡ್ಲಾ ಗಿಡಗಳು (ಮ್ಯಾಂಗ್ರೋವ್) ಬೆಳೆಯುವ ಕಡೆ ಅವನ್ನು ಕಡಿಯದೆ ಬಿಟ್ಟರೆ ಅವೂ ಅಲೆಯ ಹೊಡೆತ ತಗ್ಗಿಸುತ್ತವೆ. ಗೋಡೆಗೆ ಮಾತ್ರ ಒಂದು ತೊಂದರೆ ಇದೆ. ಒಂದು ಕಡೆ ಕಲ್ಲು ಹಾಕಿ ಅಲೆ ತಡೆದರೆ ಮರಳಿನ ಓಡಾಟ ಬದಲಾಗಿ ಪಕ್ಕದ ದಡ ಕೊರೆಯಲು ಶುರುವಾಗಬಹುದು. ಉಳ್ಳಾಲದ ಕಡಲ್ಕೊರೆತದ ಚರ್ಚೆಯಲ್ಲಿ ಈ ಮಾತು ಮತ್ತೆ ಮತ್ತೆ ಬಂದಿದೆ.

ಬಿಸಿಲಿನ ಬಗ್ಗೆ ಬಳ್ಳಾರಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕರಾವಳಿಯಲ್ಲಿ ಉಷ್ಣಾಂಶ ನಮಗಿಂತ ಕಡಿಮೆ, ಆದರೆ ಗಾಳಿಯಲ್ಲಿ ತೇವ ಜಾಸ್ತಿ. ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಹಡಗಿನ ಹೊಟ್ಟೆಯೊಳಗೆ ಇಳಿದು ದುಡಿಯುವ ಹಮಾಲರ ಪಾಳಿಯನ್ನು ಬೆಳಗ್ಗೆ, ಸಂಜೆಗೆ ಬದಲಿಸುವುದೂ ಹವಾಮಾನಕ್ಕೆ ತಯಾರಾಗುವುದರ ಒಂದು ಭಾಗ.

ಇಷ್ಟೆಲ್ಲ ಮಾಡಿದ ಬಂದರೂ ನಿಂತುಹೋಗಬಹುದು, ಅದಕ್ಕೆ ಹೋಗುವ ದಾರಿ ಮುಚ್ಚಿದರೆ. 2022ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಭಾರೀ ಮಳೆಯಾದಾಗ ಬಂದರಿಗೆ ಹೋಗುವ ಮುಖ್ಯ ರಸ್ತೆಯೇ ಕಿತ್ತುಹೋಯಿತು. ಅಷ್ಟು ದೂರ ಯಾಕೆ? 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಜನರ ಜೊತೆಗೆ ಲಾರಿಯೂ ಮಣ್ಣು, ನೀರಿನ ಪಾಲಾಯಿತು, ಗ್ಯಾಸ್ ಟ್ಯಾಂಕರ್ ಗಂಗಾವಳಿ ನದಿಗೆ ಬಿತ್ತು. ಅದೇ ತಿಂಗಳು ಸಕಲೇಶಪುರ ಕಡೆಯ ಘಟ್ಟದಲ್ಲಿ ರೈಲು ಹಳಿಯ ಕೆಳಗಿನ ಮಣ್ಣು ಜಾರಿ ಮಂಗಳೂರಿನ ರೈಲುಗಳು ನಿಂತವು. ಸಮುದ್ರ ಅವತ್ತು ಬಂದರಿಗೆ ಏನೂ ಮಾಡಿರಲಿಲ್ಲ. ಗೊಬ್ಬರ, ಗ್ಯಾಸ್ ಬರಬೇಕಾದ ನಮಗೆ ಅದರಿಂದ ಏನು ಬಂತು?

ಖರ್ಚು ಯಾರ ತಲೆಗೆ?

ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಹಡಗುಗಳ ಪಾಲು ಶೇ. 3ರ ಹತ್ತಿರ. ಅಂತರರಾಷ್ಟ್ರೀಯ ಸಾಗರ ಸಂಸ್ಥೆ, ಅಂದರೆ ಐಎಂಒ, 2050ರ ಸುಮಾರಿಗೆ ಇದನ್ನು ನಿವ್ವಳ ಸೊನ್ನೆಗೆ ತರಬೇಕು ಅಂತ 2023ರಲ್ಲಿ ಒಪ್ಪಿತು. 5,000 ಟನ್ನೇಜಿಗಿಂತ ದೊಡ್ಡ ಹಡಗುಗಳು ಮಿತಿ ಮೀರಿ ಬಿಡುವ ಹೊಗೆಗೆ ದುಡ್ಡು ಕಟ್ಟುವ ನಿಯಮದ ಕರಡು 2025ರ ಏಪ್ರಿಲ್‌ನಲ್ಲಿ ಒಪ್ಪಿಗೆ ಪಡೆಯಿತು. ಅಂತಿಮವಾಗಿ ಅಂಗೀಕರಿಸಬೇಕಾದ ಸಭೆ ಅಕ್ಟೋಬರಿನಲ್ಲಿ ಸೇರಿತು. ಅಮೆರಿಕ, ಸೌದಿ ಅರೇಬಿಯಾ ಮುಂತಾದ ದೇಶಗಳು ವಿರೋಧಿಸಿದ್ದರಿಂದ ನಿರ್ಧಾರ ಒಂದು ವರ್ಷ ಮುಂದೆ ಹೋಯಿತು. ಯುರೋಪು ಕಾಯಲಿಲ್ಲ, ತನ್ನ ಬಂದರಿಗೆ ಬರುವ ಹಡಗುಗಳಿಂದ 2024ರಿಂದಲೇ ಕಾರ್ಬನ್ ಲೆಕ್ಕ ಕೇಳುತ್ತಿದೆ.

ಇದನ್ನು ಉಕ್ಕಿನ ಮೇಲಿನ ಯುರೋಪಿನ ಗಡಿ ಶುಲ್ಕದ ಜೊತೆ ಬೆರೆಸಿ ಮಾತಾಡುವುದು ಸಾಮಾನ್ಯ. ಎರಡೂ ಬೇರೆ. ಗಡಿ ಶುಲ್ಕ ನೋಡುವುದು ಉಕ್ಕು ತಯಾರಾಗುವಾಗಿನ ಹೊಗೆ, ಸಾಗಿಸುವಾಗಿನದ್ದಲ್ಲ. ಬಂದರು ಹಸಿರಾದ ಮಾತ್ರಕ್ಕೆ ತೋರಣಗಲ್ಲಿನ ಉಕ್ಕಿಗೆ ಆ ಶುಲ್ಕ ಇಳಿಯುವುದಿಲ್ಲ. ಹಡಗಿನ ಕಾರ್ಬನ್ ಖರ್ಚು ಬೇರೆ ದಾರಿಯಲ್ಲಿ ಬರುತ್ತದೆ, ಸರಕು ಬಾಡಿಗೆಯಾಗಿ. ಗೊಬ್ಬರದ ಚೀಲದ ಮೇಲೆ, ಅಕ್ಕಿ ರಫ್ತುದಾರ ರೈತನಿಗೆ ಹೇಳುವ ದರದ ಮೇಲೆ ಅದು ಸ್ವಲ್ಪ ಸ್ವಲ್ಪವೇ ಕೂರುತ್ತದೆ.

ಕೇಣಿಯ ಲೆಕ್ಕ

ಈಗ ಮೊದಲು ಹೇಳಿದ ಹೊಸ ಬಂದರನ್ನು ಈ ಲೆಕ್ಕದಲ್ಲಿ ನೋಡಬಹುದು. ಅದರ ಆರಂಭದ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್ ಅಂತ ಯೋಜನೆಯಲ್ಲಿದೆ. ಪೂರ್ತಿ ರೈಲಿನಲ್ಲೇ ಸಾಗಿಸಿದರೆ, ರೇಕಿಗೆ 3,800 ಟನ್ ಹಿಡಿದು, ದಿನಕ್ಕೆ ಸುಮಾರು 22 ತುಂಬಿದ ರೇಕು. ಪೂರ್ತಿ ಲಾರಿಯಲ್ಲಾದರೆ, ಲಾರಿಗೆ 30 ಟನ್ ಅಂದುಕೊಂಡು, ದಿನಕ್ಕೆ 2,700ಕ್ಕೂ ಹೆಚ್ಚು ಲಾರಿ, ಅದೂ ಒಂದೇ ದಿಕ್ಕಿಗೆ. ಅವೆಲ್ಲ ಯಲ್ಲಾಪುರ ಘಟ್ಟ ಹತ್ತಿ ಹುಬ್ಬಳ್ಳಿ, ಗದಗ, ಕೊಪ್ಪಳ ದಾಟಿ ಬರಬೇಕು.

ಅಂಕೋಲಾದಲ್ಲಿ ಕೊಂಕಣ ರೈಲ್ವೆ ಇದೆ. ಆದರೆ ಅಲ್ಲಿಂದ ಹೊಸಪೇಟೆಗೆ ನೇರ ಹಳಿ ಇಲ್ಲ. ಮೇಲೆ ಮಡಗಾಂವ್‌ಗೆ ಹೋಗಿ ಅದೇ ದೂಧಸಾಗರದ ಘಟ್ಟ ಹತ್ತಬೇಕು, ಇಲ್ಲವೇ ಕೆಳಗೆ ಮಂಗಳೂರಿಗೆ ಹೋಗಿ ಸುತ್ತಿ ಬರಬೇಕು. ಸುಮಾರು 165 ಕಿಲೋಮೀಟರಿನ ಹುಬ್ಬಳ್ಳಿ-ಅಂಕೋಲಾ ಮಾರ್ಗಕ್ಕೆ 1990ರ ದಶಕದ ಕೊನೆಯಲ್ಲೇ ಒಪ್ಪಿಗೆ ಸಿಕ್ಕಿತ್ತು. ಅದರ ದೊಡ್ಡ ಭಾಗ ಪಶ್ಚಿಮ ಘಟ್ಟದ ಕಾಡಿನಲ್ಲಿ ಹಾದುಹೋಗುತ್ತದೆ, ಅದಕ್ಕೇ ದಶಕಗಳಿಂದ ಕೋರ್ಟು, ಸಮಿತಿಗಳ ನಡುವೆ ಸಿಕ್ಕಿಕೊಂಡಿದೆ. ಬಂದರಿನ ಪರಿಸರ ವರದಿ ಕೈಗೆ ಸಿಕ್ಕರೆ ಛಾವಣಿಯ ಸೋಲಾರಿಗಿಂತ ಮೊದಲು ಹುಡುಕಬೇಕಾದ ಪುಟ ಇದು: ಸರಕಿನಲ್ಲಿ ಎಷ್ಟು ಪಾಲು ರೈಲಿಗೆ, ಎಷ್ಟು ಪಾಲು ಲಾರಿಗೆ, ಮತ್ತು ಆ ರೈಲು ಯಾವ ಘಟ್ಟ ಹತ್ತುತ್ತದೆ.